ಕಿವಿಗೆ ತಾಕಿದ ಬೆರಳು

ನಾನು ಚಿಕ್ಕವಳಿದ್ದಾಗ ನಮ್ಮ ಓಣಿಯ ಮಕ್ಕಳಿಗೆ ತಾವು ಹುಟ್ಟಿದ ದಿನ ಗೊತ್ತಿರಲಿಲ್ಲ. ಬಲಗೈಯನ್ನು ನೆತ್ತಿಯ ಮೇಲಿಂದ ಚಾಚಿದರೆ ಬೆರಳು ಎಡಗಿವಿಗೆ ತಾಕುತ್ತದೆಯೇ ಎಂಬುದಷ್ಟೇ ಗೊತ್ತಿತ್ತು. ತಾಕಿದರೆ ಆರು ತುಂಬಿತು, ಶಾಲೆಗೆ ಹೋಗಬಹುದು. ನಾನು ದಿನವೂ ಬಚ್ಚಲ ಮನೆಯ ತಾಮ್ರದ ಹಂಡೆಯ ಮುಂದೆ ನಿಂತು ಕೈ ಚಾಚಿ ನೋಡುತ್ತಿದ್ದೆ.

ಅದು ಎಪ್ಪತ್ತರ ದಶಕ, ಮಹಾರಾಷ್ಟ್ರದ ಗಡಿಯ ನೇಕಾರರ ಊರು ಇಚಲಕರಂಜಿ. ಓಣಿಯ ತುಂಬ ಕರೆಂಟಿನ ಮಗ್ಗಗಳು ಖಟಖಟ ಎನ್ನುತ್ತಿದ್ದವು. ನಮ್ಮ ಮನೆಯಲ್ಲಿ ಮಾತ್ರ ಅಪ್ಪನ ಕೈಮಗ್ಗ. ಒಳಗೆಲ್ಲ ನೂಲಿಗೆ ಹಚ್ಚಿದ ಗಂಜಿಯ ಹುಳಿ ವಾಸನೆ. ಗಾಳಿಯಲ್ಲಿ ತೇಲುವ ಹತ್ತಿಯ ಎಳೆಗಳು ಬಿಸಿ ರೊಟ್ಟಿಯ ಮೇಲೂ ಬಂದು ಕೂರುತ್ತಿದ್ದವು. ಮಗ್ಗ ನಡೆಯಬೇಕಾದರೆ ಕಂಡಿಕೆ ಬೇಕು. ಕಂಡಿಕೆ ಎಂದರೆ ನೂಲು ಸುತ್ತಿದ ಸಣ್ಣ ಕೊಳವೆ, ಅದನ್ನು ಲಾಳಿಯೊಳಗೆ ಕೂರಿಸುತ್ತಾರೆ. ತಮ್ಮ ಹುಟ್ಟಿದ ಮೇಲೆ ಕಂಡಿಕೆ ಸುತ್ತುವ ರಾಟೆ ಅವ್ವನ ಕೈಯಿಂದ ಅಕ್ಕನ ಕೈಗೆ ಬಂತು. ಅಕ್ಕ ಎರಡನೆಯ ಇಯತ್ತೆಗೇ, ಅಂದರೆ ಎರಡನೆಯ ತರಗತಿಗೇ, ಶಾಲೆ ಬಿಟ್ಟಳು. ಅವಳು ಬರೆಯುತ್ತಿದ್ದ ಕಲ್ಲಿನ ಪಾಟಿ ಜೋಳದ ಗಡಿಗೆಯ ಹಿಂದೆ ಇತ್ತು. ಅದರ ಮೇಲೆ ಎಂದೂ ಧೂಳು ಕೂತದ್ದನ್ನು ನಾನು ನೋಡಲಿಲ್ಲ.

ಮಳೆಗಾಲದ ಆರಂಭದಲ್ಲಿ ಒಂದು ದಿನ ಶಾಲೆಯ ಬಾಯಿ ಮನೆಗೆ ಬಂದರು. ಕಲಿಸುವ ಹೆಂಗಸರನ್ನು ನಾವು ಬಾಯಿ ಎನ್ನುತ್ತಿದ್ದೆವು. ಅವರು ಮರಾಠಿಯವರು, ಆದರೆ ಕನ್ನಡ ಆಡುವ ಗಡಹಿಂಗ್ಲಜ ಕಡೆ ಬೆಳೆದವರಾದ್ದರಿಂದ ನಮ್ಮ ಮಾತು ಬರುತ್ತಿತ್ತು. ಒದ್ದೆ ಛತ್ರಿಯನ್ನು ಹೊಸ್ತಿಲಿಗೆ ಒರಗಿಸಿ ಕೂತರು.

"ಸಕ್ತೀ ಶಿಕ್ಷಣದ ಕಾಯ್ದೆ ಐತ್ರಿ, ಶಾಲಿ ಕಡ್ಡಾಯ. ಹನ್ನೊಂದು ಮುಗಿಯೂತನಕ ಹುಡುಗೀನ ಮನ್ಯಾಗ ಕೂಡಿಸಾಂಗಿಲ್ಲ."

ಹನ್ನೊಂದು ದಾಟಿದವರನ್ನು ಕಾಯ್ದೆ ಹಿಡಿಯುವುದಿಲ್ಲ ಎಂದು ಅಪ್ಪನಿಗೆ ಮೊದಲೇ ಯಾರೋ ಹೇಳಿದ್ದರು.

"ಆಕಿಗೆ ಹನ್ನೆರಡು ಆಗ್ಯಾವ್ರಿ ಬಾಯಿ. ಊಟ ಕಡಿಮಿ, ಅದಕ್ಕ ಸಣ್ಣಾಕಿ ಕಾಣತಾಳ" ಎಂದ ಅಪ್ಪ.

ಅಕ್ಕ ತಲೆ ಎತ್ತದೆ ರಾಟೆ ತಿರುಗಿಸುತ್ತಿದ್ದಳು. ಬಾಯಿ ಅವಳನ್ನೇ ನೋಡಿದರು. ಆಮೇಲೆ ಮೂಲೆಯಲ್ಲಿ ಕೂತಿದ್ದ ಅಜ್ಜಿಯ ಕಡೆ ತಿರುಗಿ, ಚಹಾ ಕೇಳಿದಷ್ಟು ಸಹಜವಾಗಿ ಕೇಳಿದರು. "ಅಜ್ಜಿ, ಇಬ್ಬರು ಹುಡುಗ್ಯಾರ ನಡುವ ಎಷ್ಟು ಅಂತರ್ರಿ?"

"ಮೂರು ವರ್ಸ. ಇಬ್ಬರ ಬಾಣಂತನಾನೂ ನಾನ ಮಾಡೇನಿ, ಮರೀತೇತೇನು?" ಅಜ್ಜಿಗೆ ತನ್ನ ನೆನಪಿನ ಬಗ್ಗೆ ಭಾರಿ ಹೆಮ್ಮೆ.

ಬಾಯಿ ನನ್ನನ್ನು ಕರೆದರು. "ಬಾಳಾ, ಕಿವಿ ಮುಟ್ಟು ನೋಡೂನು."

ನಾನು ಉಸಿರು ಹಿಡಿದು ಕೈ ಚಾಚಿದೆ. ಹೆಗಲು ನೋಯುವಷ್ಟು ಎಳೆದರೂ ನಡುಬೆರಳಿನ ತುದಿ ಮಾತ್ರ ಕಿವಿಯ ಅಂಚಿಗೆ ತಾಕಿತು. ಇನ್ನಷ್ಟು ಹಿಡಿಯಲಾಗಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು. ಬಾಯಿ ನಕ್ಕರು.

"ದೊಡ್ಡಾಕಿಗೆ ಹನ್ನೆರಡಾದ್ರ ಇದಕ್ಕ ಒಂಬತ್ತು ಆಗಬೇಕಲ್ರಿ. ಒಂಬತ್ತರ ಪೋರಿ ಕಿವೀನ ಹಿಂಡತಿದ್ಲು. ಇದರ ಬೆರಳು ಈಗರ ತಾಕೇತಿ. ಅಂದ್ರ ಇದಕ್ಕ ಆರು. ದೊಡ್ಡಾಕಿಗೆ ಎಷ್ಟಾತು?"

ರಾಟೆ ನಿಂತಿತು.

"ಒಂಬತ್ತು" ಎಂದಳು ಅಕ್ಕ.

ಅಪ್ಪನಿಗೂ ನಗು ತಡೆಯಲಾಗಲಿಲ್ಲ. "ಇಷ್ಟು ಲೆಕ್ಕ ಬರತೈತಿ. ಇನ್ನೇನು ಕಲೀಬೇಕ್ರಿ?"

"ಭಾಗಾಕಾರ ಉಳದೈತ್ರಿ."

"ಮತ್ತ ಕಂಡಿಕಿ ಯಾರು ಸುತ್ತಬೇಕು? ನಿಮ್ಮ ಕಾಯ್ದೆ ಬಂದು ಸುತ್ತತೈತೇನು?"

ಬಾಯಿ ಛತ್ರಿ ಕೈಗೆ ತೆಗೆದುಕೊಂಡು ಎದ್ದರು. "ಕಾಯ್ದೆಗೆ ಕೈ ಇಲ್ರಿ. ನಿಮಗ ಅದಾವು. ಸೋಮವಾರ ಇಬ್ಬರನ್ನೂ ಕಳಸ್ರಿ."

ಸೋಮವಾರ ಬೆಳಗ್ಗೆ ನನಗೆ ಎಚ್ಚರವಾದದ್ದು ರಾಟೆಯ ಸದ್ದಿಗೆ. ಶಾಲೆ ಇಲ್ಲವೆಂದುಕೊಂಡು ಕಣ್ಣು ಬಿಟ್ಟರೆ, ರಾಟೆಯ ಮುಂದೆ ಅಪ್ಪ ಕೂತಿದ್ದ. ಮಗ್ಗದಲ್ಲಿ ಅಷ್ಟು ಚುರುಕಾದ ಅವನ ಕೈಯಲ್ಲಿ ನೂಲು ಮತ್ತೆ ಮತ್ತೆ ತುಂಡಾಗುತ್ತಿತ್ತು. ಕಂಡಿಕೆ ಸುತ್ತುವುದು ಹೆಂಗಸರ ಮತ್ತು ಮಕ್ಕಳ ಕೆಲಸ. ನಮ್ಮ ಓಣಿಯಲ್ಲಿ ಯಾವ ಗಂಡಸೂ ರಾಟೆ ಮುಟ್ಟುತ್ತಿರಲಿಲ್ಲ. ಎದುರುಮನೆಯ ಕಾಕಾ ಬಾಗಿಲಲ್ಲಿ ನಿಂತು ಕೇಳಿದರು. "ಏನಪಾ, ನಾಳಿಂದ ರಂಗೋಲೀನೂ ನೀನ ಹಾಕಾಂವೇನು?"

"ಹಾಕತೇನಿ. ನಿಮ್ಮ ಬಾಗಲಕ್ಕೂ ಹಾಕ್ಲೇನು?" ಎಂದ ಅಪ್ಪ. ಆಮೇಲೆ, ರಾಟೆ ಬಿಡಿಸಿಕೊಳ್ಳಲು ಬಂದ ಅಕ್ಕನಿಗೆ ಮೆಲ್ಲಗೆ ಹೇಳಿದ. "ಹೋಗು, ಹೆರಳ ಹಾಕ್ಕೋ. ಹೊತ್ತಾಗತೈತಿ."

ಅಕ್ಕ ಗಡಿಗೆಯ ಹಿಂದೆ ಕೈಹಾಕಿ ಪಾಟಿ ತೆಗೆದಳು. ಗೋಣಿಚೀಲ ಮಡಚಿ ಮಾಡಿದ ಒಂದೇ ಗೊಂಚಿಯನ್ನು ಇಬ್ಬರೂ ತಲೆಯ ಮೇಲೆ ಎಳೆದುಕೊಂಡು ಮಳೆಯಲ್ಲಿ ಶಾಲೆಗೆ ನಡೆದೆವು. ಸಂಜೆ ಬಂದು ಅಕ್ಕ ಎಂದಿನಂತೆ ರಾಟೆಗೆ ಕೂತಳು, ನಾನು ಪಕ್ಕದಲ್ಲಿ ಪಾಠ ಓದಿದೆ. ಬೆಳಗಿನ ರಾಟೆ ಮಾತ್ರ ಅಪ್ಪನದಾಯಿತು.

ಮೊಮ್ಮಕ್ಕಳೇ, ನೀವು ಹುಟ್ಟಿದ ಗಳಿಗೆಯೂ ತೂಕವೂ ಆಸ್ಪತ್ರೆಯ ಕಾಗದದಲ್ಲಿ ಅಚ್ಚಾಗಿವೆ. ನೀವು ಶಾಲೆಗೆ ಹೋಗುತ್ತೀರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಯಾವ ಶಾಲೆ ಎಂದು ಕೇಳುತ್ತಾರೆ. ಮೊನ್ನೆ ಅಕ್ಕ ಬಂದಾಗ ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವನನ್ನು ನಿಲ್ಲಿಸಿ ಕಿವಿ ಮುಟ್ಟಿಸಿ ನೋಡಿದಳು. ನಾಲ್ಕು ಬೆರಳಷ್ಟು ದೂರ ಉಳಿಯಿತು. ಅವನೋ ಆಗಲೇ ಎರಡು ವರ್ಷದಿಂದ ಶಾಲೆಗೆ ಹೋಗುತ್ತಿದ್ದಾನೆ. ಅಕ್ಕ ಅವನ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಬಹಳ ಹೊತ್ತು ನಗುತ್ತಿದ್ದಳು.