ಕೆಂಪಿ ತೋಡಿದ ಗುಂಡಿ

ಹತ್ತಿರದ ಬ್ಲಫ್‌ನ ಪವರ್‌ಹೌಸಿನಲ್ಲಿ ಹುಟ್ಟಿದ ಕರೆಂಟು ನಮ್ಮೂರಿನ ನೆತ್ತಿಯ ಮೇಲೇ ಹಾದು ಎಲ್ಲೆಲ್ಲಿಗೋ ಹೋಗುತ್ತಿತ್ತು, ನಮ್ಮ ಮನೆಯಲ್ಲಿ ಮಾತ್ರ ಬುಡ್ಡಿದೀಪ. ಎಪ್ಪತ್ತರ ದಶಕದ ಮಾತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದ ಊರು ನಮ್ಮದು. ಆಲೆಮನೆ ಹೂಡಿದರೆ ಬೆಲ್ಲದ ಪಾಕದ ವಾಸನೆ ಬೀದಿಯೆಲ್ಲ ಹರಡುತ್ತಿತ್ತು. ಬಿಸಿ ಬೆಲ್ಲವನ್ನು ಕಬ್ಬಿನ ತುಂಡಿಗೆ ಮೆತ್ತಿಕೊಂಡು ನೆಕ್ಕುತ್ತಾ ಕುಂಟೆಬಿಲ್ಲೆ ಆಡುತ್ತಿದ್ದ ನಮ್ಮ ಹಿಂದೆ ಕೆಂಪಿಯೂ ಅಲೆಯುತ್ತಿತ್ತು.

ಕೆಂಪಿ ಯಾರ ಮನೆಯದೂ ಅಲ್ಲದ ಬೀದಿನಾಯಿ. ಅಜ್ಜಿ ದಿನಾ ಒಂದು ತುತ್ತು ಮುದ್ದೆ ಹಾಕುತ್ತಿದ್ದರಿಂದ ನಾವೇ ತನ್ನವರೆಂದು ಅದೇ ತೀರ್ಮಾನಿಸಿಕೊಂಡಿತ್ತು. ಆ ವರ್ಷ ನಮ್ಮ ಹುಲ್ಲಿನ ಮೆದೆಯ ಬುಡದಲ್ಲಿ ಮರಿ ಹಾಕಿತು. ನಾನೂ ನನ್ನ ತಮ್ಮ ಪುಟ್ಟನೂ ಇಸ್ಕೂಲಿನಿಂದ ಬಂದವರೇ ಮೆದೆಯ ಹತ್ತಿರ ಓಡುತ್ತಿದ್ದೆವು. ಎತ್ತಿಕೊಂಡರೆ ಮರಿಗಳ ಬಾಯಿ ಹಾಲಿನ ವಾಸನೆ ಹೊಡೆಯುತ್ತಿತ್ತು. ಆಗತಾನೇ ಎದ್ದು ಮುಗ್ಗರಿಸುತ್ತಾ ಓಡಾಡಲು ಕಲಿತಿದ್ದವು.

ಮನೆಯ ಬಾಗಿಲಿನ ಎದುರಿಗೇ ನಮ್ಮ ಹಗೇವು, ಅಂದರೆ ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಒಬ್ಬ ಆಳು ಇಳಿಯುವಷ್ಟು ಬಾಯಿ, ಒಳಗೆ ಕೋಣೆಯಷ್ಟು ಅಗಲ. ಬಾಯಿಗೆ ಚಪ್ಪಡಿ ಎಳೆದು ಮೇಲೆ ಮಣ್ಣು ಮೆತ್ತಿಬಿಟ್ಟರೆ ಅಲ್ಲೊಂದು ಹಗೇವಿದೆ ಅಂತ ಹೊಸಬರಿಗೆ ಗೊತ್ತೇ ಆಗದು. ತೆಗೆದ ಕೂಡಲೇ ಇಳಿಯುವಂತೆಯೂ ಇಲ್ಲ, ಒಳಗೆ ಕಟ್ಟಿದ ವಿಷಗಾಳಿಯ ಕಾವಿಗೆ ಮನುಷ್ಯ ಸತ್ತೇಹೋಗುತ್ತಾನೆ. ಹಗಲೆಲ್ಲ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಒಂದು ಸಂಜೆ ಅಪ್ಪ ಹಾಗೆಯೇ ಇಳಿದು ಬೇಕಾದಷ್ಟು ರಾಗಿ ತೆಗೆದು ಮೇಲೆ ಬಂದರು. ಅಷ್ಟರಲ್ಲಿ ಸುರಿಯಿತು ನೋಡಿ ಮಳೆ! ಹಗೇವನ್ನು ಹಾಗೇ ಬಿಟ್ಟು ಎಲ್ಲರೂ ಮೂಟೆಗಳನ್ನು ಒಳಗೆ ಸಾಗಿಸಲು ಓಡಿದೆವು. ಅದಾದ ಮೇಲೆ ಅಪ್ಪ ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ಹೋಗಿ ಚಪ್ಪಡಿ ಎಳೆದು, ಮಣ್ಣು ತುಳಿದು ಬಂದರು.

ಮಾರನೆಯ ದಿನ ಮೆದೆಯ ಬುಡ ಖಾಲಿ. "ಅವ್ವಾ, ಮರಿಗಳಿಲ್ಲ" ಅಂತ ನಾನು ಅತ್ತುಬಿಟ್ಟೆ.

"ನೆಂದೋಯ್ತವೆ ಅಂತ ಬೇರೆ ಕಡೆ ಕಚ್ಕೊಂಡೋಗದೆ ಕಣಮ್ಮಿ. ಸುಮ್ಕಿರು" ಅಂದಳು ಅವ್ವ. ಅವಳಿಗೆ ಪುರುಸೊತ್ತೆಲ್ಲಿ? ಮಳೆಯಲ್ಲಿ ನೆಂದ ಪುಟ್ಟನಿಗೆ ಮೈ ಕೆಂಡವಾಗಿತ್ತು. ಮಳವಳ್ಳಿಯಿಂದ ಡಾಕ್ಟರನ್ನು ಕರೆಸಿದರು. ಸೂಜಿ ಚುಚ್ಚಿ, "ಕಾದು ನೋಡೋಣ" ಅಂದು ಅವರು ಬಸ್ಸು ಹತ್ತಿದರು.

ಆ ಸಂಜೆಯೇ ಕೆಂಪಿ ನಮ್ಮ ಬಾಗಿಲಿಗೆ ಮುಖಮಾಡಿ ಕೂತು ಊಳಿಡತೊಡಗಿತು. ಅಪ್ಪ ಕಲ್ಲು ಬೀರಿದರೆ ದೂರ ಹೋಗಿ ಮತ್ತೆ ಬರುತ್ತಿತ್ತು. ಬಂದು ಮುಂಗಾಲಿನಿಂದ ಬಾಗಿಲ ಎದುರಿನ ಮಣ್ಣು ಕೆರೆಯುತ್ತಿತ್ತು. "ಹಗೇವಿಗೆ ನೀರಿಳೀತದೆ" ಅಂತ ಬೈದುಕೊಂಡು ಅಪ್ಪ ಮುಚ್ಚಿ ತುಳಿದರೆ, ಬೆಳಗಾಗುವುದರೊಳಗೆ ಅಲ್ಲೇ ಗುಂಡಿ. ನಾಯಿ ಊಳಿಟ್ಟರೆ ಅದರ ಕಣ್ಣಿಗೆ ಯಮ ಕಂಡಿದ್ದಾನೆ ಅಂತ ಅರ್ಥ. ಅಂಥದ್ದರಲ್ಲಿ ಮಗು ಮಲಗಿದ ಮನೆಯ ಮುಂದೆ ಗುಂಡಿ ಬೇರೆ! ಬೀದಿಯ ಹೆಂಗಸರು ಬಂದು ಪುಟ್ಟನನ್ನು ನೋಡಿ, ಗುಂಡಿ ನೋಡಿ, ಅದನ್ನು ಬಳಸಿಕೊಂಡು ಹೋಗುತ್ತಿದ್ದರು.

ಅವ್ವ ತಡೆಯಲಾರದೆ ಹೋದಳು. "ನನ್ ಮಗಂಗೆ ಗುಂಡಿ ತೋಡ್ತಾ ಅದೆ ಅದು. ನೀವು ಪಂಚಾಯ್ತಿಗೋಗಿ ಏಳ್ತೀರೋ, ಇಲ್ಲಾ ನಾನೇ ಓಗ್ಲೋ?" ಎಂದು ಅಪ್ಪನ ಮೇಲೆ ಕೂಗಾಡಿದಳು.

"ಭೈರವನ ನಾಯಿ ಕಣವ್ವಾ, ಬಾಣಂತಿ ಬೇರೆ. ಬುಡು, ಸಾಪ ತಟ್ತದೆ" ಅಂದಳು ಅಜ್ಜಿ.

"ತಟ್ಟೋದಾದ್ರೆ ನಂಗೇ ತಟ್ಲಿ ಕಣತ್ತೆ. ನನ್ ಮಗ ಉಳೀಲಿ."

ಅಪ್ಪ ಪಂಚಾಯ್ತಿ ಕಡೆ ನಡೆದರು.

ಪಂಚಾಯ್ತಿಗೆ ದೂರು ಕೊಟ್ಟರೆ ಪಟ್ಟಣದಿಂದ ನಾಯಿ ಹಿಡಿಯುವವರು ಬರುತ್ತಿದ್ದರು. ತಳ್ಳುಗಾಡಿಯ ಮೇಲೆ ಕಬ್ಬಿಣದ ಗೂಡು, ಕೈಯಲ್ಲಿ ಮಾರುದ್ದದ ಇಕ್ಕಳ. ಅವರನ್ನು ಕಂಡರೆ ಊರ ನಾಯಿಗಳೆಲ್ಲ ಕಬ್ಬಿನ ಗದ್ದೆಗೆ ಓಡುತ್ತಿದ್ದವು. ಕೆಂಪಿ ಓಡಲಿಲ್ಲ, ಮಣ್ಣು ಕೆರೆಯುತ್ತಲೇ ಇತ್ತು. ಇಕ್ಕಳ ಕುತ್ತಿಗೆ ಹಿಡಿದು ಮೇಲೆತ್ತಿದಾಗ ಅದರ ಮೊಲೆಗಳಿಂದ ಹಾಲು ತೊಟ್ಟಿಕ್ಕಿ ಮಣ್ಣಿಗೆ ಬಿದ್ದದ್ದನ್ನು ನಾನು ಜಗುಲಿಯಿಂದ ನೋಡಿದೆ. ಹಾಗೆ ಹೋದ ನಾಯಿ ತಿರುಗಿ ಬಂದದ್ದಿಲ್ಲ.

ಮಾರನೆಯ ದಿನ ಬೆಳಗಾಗುವಾಗ ಪುಟ್ಟ ಬೆವೆತಿದ್ದ. ಜ್ವರ ಇಳಿದು, "ಅವ್ವಾ, ಅಸಿವು" ಅಂದ. "ನೋಡುದ್ಯಾ, ಪೀಡೆ ತೊಲಗ್ತು" ಅಂತ ಬೀದಿಯೇ ಹೇಳಿತು. ಅವ್ವ ಅತ್ತು ನಕ್ಕು, ಮುತ್ತತ್ತಿರಾಯನಿಗೆ ಪರ ಮಾಡಿಸುವ, ಅಂದರೆ ದೇವರ ಹೆಸರಲ್ಲಿ ಜನಕ್ಕೆ ಊಟ ಹಾಕಿಸುವ ಹರಕೆ ಹೊತ್ತಳು.

ಆ ಪರಕ್ಕೆ ರಾಗಿ ಬೇಕೆಂದು ಕೆಲವು ತಿಂಗಳಾದ ಮೇಲೆ ಹಗೇವು ತೆಗೆದರು. ದೀಪ ಇಳಿಸಿ ನೋಡಿ ಇಳಿದ ಅಪ್ಪ ಎಷ್ಟು ಹೊತ್ತಾದರೂ ಕುಕ್ಕೆಗೆ ರಾಗಿ ತುಂಬಲಿಲ್ಲ. "ಏನಾಯ್ತು?" ಅಂತ ಅವ್ವ ಬಾಯಿಯ ಅಂಚಿಗೆ ಬಗ್ಗಿದಳು. "ನೀ ನೋಡ್ಬೇಡ, ಅತ್ಲಾಗೋಗು" ಅಂದರು ಅಪ್ಪ. ಅಷ್ಟರಲ್ಲಿ ಅವಳು ನೋಡಿಯಾಗಿತ್ತು. ರಾಗಿಯ ಮೇಲೆ, ಒಂದರ ಹೊಟ್ಟೆಯೊಳಗೆ ಒಂದು ಮೂತಿ ಇಟ್ಟುಕೊಂಡು, ಮರಿಗಳು ಒಣಗಿ ಹೋಗಿದ್ದವು. ಮಳೆಯ ಗಲಾಟೆಯಲ್ಲಿ, ಹಗೇವಿನ ಬಾಯಿ ತೆರೆದೇ ಇದ್ದಾಗ ಬಿದ್ದಿರಬೇಕು.

ಅವ್ವ ಅಲ್ಲೇ ಕುಸಿದು ಕೂತಳು. "ಅಯ್ಯೋ ನನ್ನವ್ವಾ, ನನ್ ಮಕ್ಳ ತೆಕ್ಕೊಡಿ ಅಂತ ಕೇಳೋಕ್ ಬಂದಿದ್ದಾ ನೀನು?" ಎಂದು ಎದೆ ಬಡಿದುಕೊಂಡಳು. ಹರಕೆ ತೀರಿಸಲು ಮುತ್ತತ್ತಿಗೆ ಹೋದೆವು. ಅವ್ವ ಎಲೆಯ ಮುಂದೆ ಕೂತಳೇ ಹೊರತು ತುತ್ತು ಎತ್ತಲಿಲ್ಲ.

ಅಂದಿನಿಂದ ಎಲ್ಲಿ ನಾಯಿ ಊಳಿಟ್ಟರೂ ಅವ್ವ ಮಾಡುವ ಕೆಲಸ ಬಿಟ್ಟು ಎದ್ದು ಹೋಗುತ್ತಿದ್ದಳು. "ಏನವ್ವಾ? ಎಲ್ಲಿ, ತೋರ್ಸು" ಅಂತ ನಾಯಿಯ ಹಿಂದೆ ನಡೆಯುತ್ತಿದ್ದಳು. ಜನ ಹುಚ್ಚಿ ಅಂದರು. ಪುಟ್ಟ ದೊಡ್ಡವನಾಗಿ, ಅವನಿಗೂ ಮಕ್ಕಳಾದವು. ಅವನನ್ನು ಕಂಡು ಅವಳ ಮುಖ ಅರಳುತ್ತಿತ್ತು, ಅರಳಿ ಅರ್ಧಕ್ಕೇ ನಿಲ್ಲುತ್ತಿತ್ತು. ಸಾಯುವ ತನಕ ಹಾಗೇ.

ಈಗ ನಾನು ಮಂಡ್ಯದಲ್ಲಿದ್ದೇನೆ. ಬೀದಿನಾಯಿ ಕಾಟ ಅಂದರೆ ಒಂದು ಫೋನು ಸಾಕು, ಗಾಡಿ ಬರುತ್ತದೆ. ತಪ್ಪೆನ್ನಲಾರೆ, ಮಕ್ಕಳಿಗೆ ಕಚ್ಚುವ ನಾಯಿಗಳೂ ಇವೆ. ಮೊನ್ನೆ ಸಂಜೆ ನಮ್ಮ ಗೇಟಿನ ಹತ್ತಿರ ಒಂದು ನಾಯಿ ಕೂಗುತ್ತಿತ್ತು. ಹೋಗಿ ಬಾಗಿಲು ತೆಗೆದು, ಅವ್ವನ ಹಾಗೆಯೇ "ಏನವ್ವಾ?" ಅಂದೆ. ಚಾಚಿದ ನನ್ನ ಕೈ ಕಂಡದ್ದೇ ತಡ, ಕಲ್ಲು ಬೀಳುತ್ತದೆಂದು ಹೆದರಿ ಬಾಲ ಮುದುರಿಕೊಂಡು ಓಡಿತು. ಕಲ್ಲು ತಿಂದೂ ತಿಂದೂ ನಮ್ಮ ಬಾಗಿಲಿಗೇ ಮತ್ತೆ ಮತ್ತೆ ಬಂದಿತ್ತಲ್ಲ ಕೆಂಪಿ, ನಾವು ಮಣ್ಣು ತೆಗೆಯುತ್ತೇವೆ ಅಂತ ನಂಬಿಕೊಂಡು.