ಪೊರ್ಬುಗಳ ಮರಕುಟಿಗ

ಅರಬ್ ನಾಡಿನ ಹಮ್ರಿಯಾದ ನಮ್ಮ ಬಿಲ್ಡಿಂಗಿನಿಂದ ಶುಕ್ರವಾರ ಬೆಳಿಗ್ಗೆ ದುರ್ಬೀನು ನೇತುಹಾಕಿಕೊಂಡು ಯಾರಾದರೂ ಇಳಿದರೆ ಅದು ಅಲೋಶಿಯಸ್ ಪೊರ್ಬುಗಳೇ. ರುಸೈಲ್‌ನ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದ ಅವರು ಕಾಗೆ ಕಂಡರೂ ನಿಂತು ಮಾತಾಡಿಸದೆ ಮುಂದೆ ಹೋಗುವವರಲ್ಲ. ಮದುವೆಯೂಟದ ನಡುವೆ ಕಿಟಕಿಯಾಚೆ ರೆಕ್ಕೆ ಸುಳಿದರೆ ಬಿರಿಯಾನಿ ಬಿಟ್ಟು ಓಡುವವರು. “ಈ ಮರುಭೂಮಿಗೂ ಒಂದು ಮರಕುಟಿಗ ಬರ್ತದೆ ಮಾರಾಯ್ರೆ, ತೋರಿಸ್ತೇನೆ” ಎನ್ನುವುದು ಅವರ ನಿತ್ಯದ ಮಾತು. “ಇಲ್ಲಿ ಮರವೇ ಇಲ್ಲ, ಕುಟ್ಟುವುದು ಏನನ್ನು ಪೊರ್ಬುಗಳೇ?” ಎಂದು ನಾವು ನಗುತ್ತಿದ್ದೆವು. ಅವರ ಹೆಂಡತಿ ಕಾರ್ಮಿನ್ ಬಾಯಿ ಮಾತ್ರ ನಗದೆ, ಫ್ಲಾಸ್ಕಿಗೆ ಚಹಾ ತುಂಬಿಕೊಂಡು ಜೊತೆಗೆ ಹೊರಡುತ್ತಿದ್ದರು. ತೊಂಬತ್ತೊಂದರ ಅಕ್ಟೋಬರಿನಲ್ಲಿ ಪೊರ್ಬುಗಳು “ಯಲ್ಲಾ, ಹೊರಡಿ” ಎಂದು ನನ್ನನ್ನೂ ಎಳೆದುಕೊಂಡು ಹೋದರು. ಒಣಹಳ್ಳದ ಜಾಲಿಮರದಡಿ ನಾನು ಟಕ್‌ಟಕ್ ಸದ್ದಿಗೆ ಕಿವಿಯೊಡ್ಡಿ ಕೂತಿದ್ದಾಗ ಪೊರ್ಬುಗಳು ನನ್ನ ಮೊಣಕೈ ಹಿಡಿದು ನೆಲ ತೋರಿಸಿದರು. ಒಣ ತೊಗಟೆಯ ಬಣ್ಣದ ಹಕ್ಕಿಯೊಂದು ಇರುವೆಗೂಡಿಗೆ ನಾಲಿಗೆ ಚಾಚುತ್ತಿತ್ತು. ನಮ್ಮನ್ನು ಕಂಡದ್ದೇ ಹಾವಿನಂತೆ ಕತ್ತು ತಿರುಚಿತು. “ಆ ಕತ್ತು ನೋಡಿ, ಸಂಶಯವೇ ಇಲ್ಲ! ಮರಕುಟಿಗನ ವಂಶವೇ, ಆದರೆ ಇದು ಮರ ಕುಟ್ಟುವುದಿಲ್ಲ” ಎಂದರು ಪೊರ್ಬುಗಳು. “ಇಷ್ಟು ಹಕ್ಕಿಗಳಿರುವಾಗ ಇದೇ ಯಾಕೆ?” ಎಂದು ನಾನು ಪಿಸುಗುಟ್ಟಿದೆ. ಉತ್ತರ ಕೊಟ್ಟದ್ದು ಕಾರ್ಮಿನ್ ಬಾಯಿ: “ಯಂತ್ರಗಳ ಸದ್ದಿನಲ್ಲಿ ಅವರ ಕಿವಿ ಮಂದವಾಗಿದೆ. ಎದುರು ನಿಂತರೆ ಮಾತು ತಿಳಿಯುತ್ತದೆ, ಹಕ್ಕಿಯ ದನಿ ಒಂದೂ ಕೇಳಿಸುವುದಿಲ್ಲ. ಹಕ್ಕಿ ನೋಡುವುದನ್ನೇ ಬಿಟ್ಟು ಮನೆಯಲ್ಲಿ ಕೂತಿದ್ದರು. ಈ ಹಕ್ಕಿಯನ್ನು ಹುಡುಕಲು ಕಣ್ಣು ಸಾಕು ಅಂತ ತಿಳಿದ ಮೇಲೆ ಮನುಷ್ಯ ಮತ್ತೆ ಮನೆಯಿಂದ ಹೊರಗೆ ಬಂದದ್ದು.” ಆಮೇಲೆ ಅವರು ಗಂಡನ ಎದುರಿಗೆ ಹೋಗಿ ನಿಂತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದರು: “ನಮಗಿಂತ ಮೊದಲು ಕಂಡದ್ದು ನೀವೇ.” ಪೊರ್ಬುಗಳು ಟೋಪಿ ತೆಗೆದು, ಎದೆಯುಬ್ಬಿಸಿ ನಿಂತರು.