ರಾಣಿ ವೇಷದವನು ರಾಜಪಾರ್ಟು ಕೇಳಿದ್ದು

ರಾಯಲ್ಪಾಡಿನ ಕದಿರೇಶ ಸೀರೆ ಉಟ್ಟು ರಂಗದ ಮೇಲೆ ಬಂದರೆ ಮುಂದಿನ ಸಾಲಿನ ಹೆಂಗಸರು ತಮ್ಮ ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅಷ್ಟು ಚೆಂದದ ರಾಣಿ ಅವನು. ಮೀಸೆ ಮೂಡುವ ವಯಸ್ಸಿನಲ್ಲಿ ನಾಟಕ ಕಂಪನಿ ಸೇರಿದವನು, ಮೂವತ್ತು ದಾಟುವವರೆಗೂ ರಾಣಿಯಾಗಿ, ಸವತಿಯಾಗಿ, ಮಗನನ್ನು ಕಳೆದುಕೊಂಡ ತಾಯಿಯಾಗಿ ಕೋಲಾರ ಸೀಮೆಯನ್ನೆಲ್ಲ ಅಳಿಸಿದ್ದ. ಆದರೆ ಸಾವಿರದ ಒಂಬೈನೂರ ಮೂವತ್ತೇಳರ ಹೊತ್ತಿಗೆ ಹೆಣ್ಣು ಪಾತ್ರಕ್ಕೆ ಹೆಂಗಸರೇ ಬರತೊಡಗಿದರು. ಅವನ ಕಂಪನಿಗೂ ಇಬ್ಬರು ನಟಿಯರು ಬಂದರು. ಯಜಮಾನರು ಒಂದು ಶಾಲು ಹೊದಿಸಿ, ನಾಲ್ಕು ಒಳ್ಳೆ ಮಾತಾಡಿ ಅವನನ್ನು ಊರಿಗೆ ಕಳಿಸಿಬಿಟ್ಟರು.

ಕದಿರೇಶ ಮೂಲೆ ಹಿಡಿದು ಕೂರಲಿಲ್ಲ. ಮೀಸೆ ಬಿಟ್ಟ. ಅಣ್ಣನ ರಾಗಿ ಹೊಲದಲ್ಲಿ ನೇಗಿಲ ಹಿಂದೆ ನಡೆಯುತ್ತಾ ರಾಜನ ಮಾತುಗಳನ್ನು ಗಟ್ಟಿಯಾಗಿ ಹೇಳತೊಡಗಿದ. ಎತ್ತುಗಳಿಗೆ ಬೇಗ ಅಭ್ಯಾಸವಾಯಿತು. ಅಕ್ಕಪಕ್ಕದ ಹೊಲದವರಿಗೆ ಸ್ವಲ್ಪ ಕಾಲ ಹಿಡಿಯಿತು.

ಸುಗ್ಗಿ ಮುಗಿದ ಮೇಲೆ ಕೋಲಾರದಲ್ಲಿ ಬೇರೊಂದು ಕಂಪನಿ ಡೇರೆ ಹಾಕಿತು. ರಾಜಪಾರ್ಟಿಗೆ ನಟರು ಬೇಕಾಗಿದ್ದಾರೆ, ಆಡಿದ ಪಾತ್ರಗಳ ವಿವರ, ಫೋಟೋ ಸಮೇತ ಅರ್ಜಿ ತರತಕ್ಕದ್ದು ಎಂದು ಕರಪತ್ರ ಹಂಚಿತು. ಕದಿರೇಶನ ಹೆಂಡತಿ ರಾಮಲಕ್ಷ್ಮಮ್ಮ ಶ್ರೀನಿವಾಸಪುರದ ಸಂತೆಯಿಂದ ಬೆಲ್ಲದ ಜೊತೆ ಅದನ್ನೂ ತಂದು ಗಂಡನ ಮುಂದೆ ಇಟ್ಟಳು.

ಬರೆದುಕೊಡಲು ಶಾಲೆಯ ಮುನಿಕೃಷ್ಣಪ್ಪ ಮೇಷ್ಟ್ರು ಜಗಲಿಯಲ್ಲಿ ಕೂತರು. ಕದಿರೇಶ ಹೇಳುತ್ತಾ ಹೋದ: ಹಿರಿಯ ರಾಣಿ, ಕಿರಿಯ ರಾಣಿ, ಕಾಡುಪಾಲಾದ ರಾಣಿ, ಹುಚ್ಚು ಹಿಡಿದ ರಾಣಿ. ಅರ್ಧ ಹಾಳೆ ತುಂಬುವಷ್ಟರಲ್ಲಿ ಮೇಷ್ಟ್ರು ಲೇಖನಿ ಕೆಳಗಿಟ್ಟರು.

"ಅಲ್ಲಯ್ಯಾ ಕದಿರೇಶ, ಹೋಗ್ತಿರೋದು ರಾಜಪಾರ್ಟು ಕೇಳೋಕೆ. ಇದರಲ್ಲಿ ಒಬ್ಬ ಗಂಡಸೂ ಇಲ್ವಲ್ಲೋ! ರಾಣಿ ಅನ್ನೋ ಕಡೆಯೆಲ್ಲ ರಾಜ ಅಂತ ಬರೆದುಬಿಡ್ತೀನಿ. ಯಾರಿಗೆ ಗೊತ್ತಾಗುತ್ತೆ?"

"ಕೋಲಾರಕ್ಕೆಲ್ಲ ಗೊತ್ತಲ್ಲ ಮೇಷ್ಟ್ರೇ," ಎಂದು ಕದಿರೇಶ ನಕ್ಕ. "ಇರೋದನ್ನೇ ಬರೀರಿ. ಕೊನೇಲಿ ಒಂದು ಮಾತು ಸೇರಿಸಿ. ಈ ರಾಣಿಯರ ಎದುರು ನಿಂತಿದ್ದ ರಾಜರ ಮಾತೆಲ್ಲ ಬಾಯಿಪಾಠ, ಕನ್ನಡದಲ್ಲೂ ಸೈ, ತೆಲುಗಿನಲ್ಲೂ ಸೈ ಅಂತ."

ಫೋಟೋ ಅಂತ ಅವನ ಹತ್ತಿರ ಇದ್ದದ್ದು ಒಂದೇ, ಮೂಗುತಿ, ಡಾಬು ತೊಟ್ಟು ನಿಂತದ್ದು. ಅದನ್ನು ಪೆಟ್ಟಿಗೆಗೆ ಹಾಕಲು ಹೋದ. ರಾಮಲಕ್ಷ್ಮಮ್ಮ ಕೈ ಹಿಡಿದಳು.

"ಯಾಕ್ರೀ ಬಚ್ಚಿಡ್ತೀರ? ಕೋಲಾರದಲ್ಲಿ ಮೀಸೆ ಮುಖದ್ದು ಒಂದು ತೆಗೆಸಿ, ಎರಡನ್ನೂ ಪಕ್ಕಪಕ್ಕದಲ್ಲಿ ಅಂಟಿಸಿ. ಇದೂ ನಾನೇ, ಅದೂ ನಾನೇ ಅಂತ ನೋಡಿದವರಿಗೇ ಗೊತ್ತಾಗ್ಲಿ."

ಹಾಗೇ ಮಾಡಿದ. ಶ್ರೀನಿವಾಸಪುರದಲ್ಲಿ ಪುಟ್ಟ ರೈಲು ಹತ್ತಿ ಕೋಲಾರದಲ್ಲಿ ಇಳಿದು, ಹೊಸ ಫೋಟೋ ತೆಗೆಸಿ, ಅದು ಕೈಗೆ ಬಂದ ಮೇಲೆ ಡೇರೆಗೆ ಹೋದ.

ಕಂಪನಿ ಯಜಮಾನ ನರಸಿಂಹಪ್ಪನವರು ದಪ್ಪ ಆಸಾಮಿ. ಅರ್ಜಿ ಓದಿ ಹೊಟ್ಟೆ ಕುಣಿಯುವಂತೆ ನಕ್ಕರು. "ಏನಯ್ಯಾ ಇದು, ಒಂದು ಅಂತಃಪುರವನ್ನೇ ಹೊತ್ಕೊಂಡು ಬಂದಿದ್ದೀಯಲ್ಲ!"

"ಹೌದು ಬುದ್ಧಿ. ಅಷ್ಟೂ ವರ್ಷ ರಾಜರನ್ನ ಹತ್ತಿರದಿಂದ ನೋಡಿದವನು ನಾನು. ಯಾವ ರಾಜ ಎಲ್ಲಿ ಎಡವಿದ ಅಂತ ರಾಣಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಯಜಮಾನರ ನಗು ನಿಂತಿತು. "ಸರಿ, ಆಡಿ ತೋರಿಸು," ಎಂದರು. ರಾಜ ರಾಣಿಯನ್ನು ಕಾಡಿಗೆ ಕಳಿಸುವ ಸೀನು. ರಾಣಿಯಾಗಿ ಶಾಮಲಮ್ಮ ಎಂಬ ಹೊಸ ನಟಿ ನಿಂತಳು.

ಹಾರ್ಮೋನಿಯಂ ನುಡಿಯಿತು. ಕದಿರೇಶ ಒಳಗೆ ಬಂದ. ಬಂದದ್ದು ಮಾತ್ರ ಸಣ್ಣ ಹೆಜ್ಜೆ ಇಡುತ್ತಾ, ಎಡಗೈಯಲ್ಲಿ ಇಲ್ಲದ ನೆರಿಗೆ ಹಿಡಿದು! ಡೇರೆಯಲ್ಲಿದ್ದವರೆಲ್ಲ ಗೊಳ್ಳೆಂದರು. ಅವನ ಕಿವಿ ಬಿಸಿಯಾಯಿತು. ಆದರೂ ತಲೆ ತಗ್ಗಿಸಲಿಲ್ಲ.

"ಕಾಲು ಇನ್ನೂ ಹಳೇದನ್ನ ಮರೆತಿಲ್ಲ ಬುದ್ಧಿ. ಇನ್ನೊಂದು ಸಲ ಬರ್ತೀನಿ."

ಪರದೆಯ ಹಿಂದೆ ನಿಂತು ಉಸಿರು ಎಳೆದುಕೊಂಡ. ನೇಗಿಲ ಹಿಂದೆ ನಡೆದದ್ದನ್ನು ನೆನೆದ. ಈ ಸಲ ಹಿಮ್ಮಡಿ ಊರಿ, ನೆಲ ತನ್ನದೇ ಎಂಬಂತೆ ನಡೆದು ಬಂದ. ಕೂಗಲಿಲ್ಲ. ಕೂಗುವ ರಾಜರನ್ನು ಅವನು ಬೇಕಾದಷ್ಟು ನೋಡಿದ್ದ. ತಗ್ಗಿದ ದನಿಯಲ್ಲೇ ರಾಣಿಗೆ ಹೊರಡು ಎಂದ. ಆ ದನಿ ಕೇಳಿ ಶಾಮಲಮ್ಮ ನಿಜಕ್ಕೂ ಬೆಚ್ಚಿ ತನ್ನ ಮಾತೇ ಮರೆತಳು.

ಹಾರ್ಮೋನಿಯಂನವನು ಕೈ ತಡೆದ. ಇಂಥ ಹೊತ್ತಿನಲ್ಲಿ ಮರೆತ ಮಾತು ಎತ್ತಿಕೊಡದೆ ಬರೀ ದುರುಗುಟ್ಟಿ ನೋಡುವ ರಾಜರ ಎದುರು ಕದಿರೇಶ ತಾನೂ ನಿಂತು ಬೆವರಿದ್ದುಂಟು. ಅವನು ಒಂದು ಹೆಜ್ಜೆ ಮುಂದೆ ಬಂದ.

"ಏಕೆ ಮೌನ, ದೇವಿ? ಕಂದನನ್ನು ಯಾರ ಮಡಿಲಲ್ಲಿ ಬಿಟ್ಟು ಹೋಗಲಿ ಎಂದು ಕೇಳಬೇಕೆಂದಿರುವೆಯಾ? ಕೇಳು."

ಮರೆತ ಮಾತು ಅದೇ. ಶಾಮಲಮ್ಮ ತಟ್ಟನೆ ಹಿಡಿದುಕೊಂಡು, ಅಳುತ್ತಾ, ಅದನ್ನೇ ಅವನಿಗೆ ತಿರುಗಿಸಿ ಎಸೆದಳು. ಸೀನು ಕೊನೆ ಮುಟ್ಟುವವರೆಗೆ ಯಾರೂ ಕೆಮ್ಮಲಿಲ್ಲ.

"ನಾಳೆಯಿಂದಲೇ ಬಂದುಬಿಡಪ್ಪ," ಎಂದರು ನರಸಿಂಹಪ್ಪನವರು.

ಮುಂದೆ ಮಾಲೂರು, ಮುಳಬಾಗಿಲು ಕ್ಯಾಂಪುಗಳಲ್ಲೆಲ್ಲ ಕದಿರೇಶ ರಾಜನಾದ. ಹಗಲು ಹೊತ್ತು ಶಾಮಲಮ್ಮನಿಗೆ ರಾಣಿಯ ನಡಿಗೆ ಕಲಿಸಿದ್ದೂ ಅವನೇ. ಮುಳಬಾಗಿಲಿನಲ್ಲಿ ಮೊದಲ ಆಟದ ದಿನ, ಅವನು ಕಿರೀಟ ತೊಟ್ಟು ಬಂದ ಕೂಡಲೇ ಹಿಂದಿನಿಂದ ಯಾರೋ "ಮನ ರಾಣೆಮ್ಮ ವಚ್ಚಿಂದಿರೋಯ್!" ಎಂದು ಕೂಗಿದರು. ನಮ್ಮ ರಾಣೆಮ್ಮ ಬಂದಳೆಂದು ಜನ ಹೋ ಎಂದಿತು. ಕದಿರೇಶ ಸಿಂಹಾಸನದ ಮುಂದೆ ನಿಂತು, ಗದ್ದಲ ಇಳಿಯುವವರೆಗೂ ಕಾದ.

"ಮಂತ್ರಿಗಳೇ, ಪ್ರಜೆಗಳಿಗೆ ಅಂತಃಪುರದ ಮೇಲೆ ಬಹಳ ಪ್ರೀತಿ. ಸಂತೋಷ. ಇನ್ನು ರಾಜ್ಯದ ವಿಚಾರಕ್ಕೆ ಬರೋಣ."

ಡೇರೆ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಅದು ಅಡಗಿದ ಮೇಲೆ ಅವನು ಕೂತು, ಆಟ ಮುಂದುವರಿಸಿದ.